ಮಾತು ಎರಡು, ಮಟ್ಟು ಒಂದು

ನಾಗಲಮಡಿಕೆಯ ಅಂತ್ಯ ಸುಬ್ರಹ್ಮಣ್ಯನ ಗುಡಿ ನೋಡಿಕೊಂಡು ಉತ್ತರ ಪಿನಾಕಿನಿಯ ದಂಡೆಗೆ ಬಂದರೆ, ಹರಕೆಗೆಂದು ಬಂದ ಹೆಂಗಸರು ನೆರಳಲ್ಲಿ ಕೂತು ಸೋಬಾನೆ ಹೇಳುತ್ತಿದ್ದರು. ಹಿರಿಯಾಕೆ ಕನ್ನಡದಲ್ಲಿ ಎತ್ತಿದಳು. ಪಕ್ಕದ ಸೊಸೆ ಅದೇ ಧಾಟಿಯಲ್ಲಿ ತೆಲುಗು ಪದ ಹಿಡಿದಳು. ಸೊಲ್ಲು ಹಿಡಿದವರು ಎಲ್ಲೂ ತಡವರಿಸಲಿಲ್ಲ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡ ಸೀಮೆಯವರಿಗೆ ಇದರಲ್ಲಿ ಸೋಜಿಗವೇನಿಲ್ಲ. ನನಗೆ ಮಾತ್ರ ಆ ಗುಂಗು ಇನ್ನೂ ಇಳಿದಿಲ್ಲ.

ನಮ್ಮ ಜನಪದ ಗೀತೆಗಳ ಸಂಕಲನಗಳಲ್ಲಿ ಈ ಎರಡು ಹಾಡು ಎಂದೂ ಒಟ್ಟಿಗೆ ಸಿಗವು. ಅಕಾರಾದಿ ಇರುವುದು ಮೊದಲ ಸಾಲಿಗೆ. ಒಂದು ಕನ್ನಡದ ಪುಸ್ತಕಕ್ಕೆ ಹೋಯಿತು, ಇನ್ನೊಂದು ತೆಲುಗಿನದಕ್ಕೆ. ಹಳೆಯ ನಾಟಕದ ಪದಪುಸ್ತಕಗಳು ಹಾಡಿನ ನೆತ್ತಿಯ ಮೇಲೆ ಇಂಥದರ ಮಟ್ಟು ಎಂದು ಅಚ್ಚು ಹಾಕುತ್ತಿದ್ದವು. ಆ ಮೂಲ ಹಾಡೇ ಮರೆತುಹೋದರೆ ಸೂಚನೆಯಿಂದ ಏನೂ ತಿಳಿಯದು.

ಇಂಗ್ಲೆಂಡಿನ ಡೆನಿಸ್ ಪಾರ್ಸನ್ಸ್ 1975ರಲ್ಲಿ ತಂದ ಮಟ್ಟುಗಳ ಕೋಶ ನನಗೆ ಅಚ್ಚುಮೆಚ್ಚು. ಆತನಿಗೆ ಸ್ವರದ ಹೆಸರೇ ಬೇಡ. ಹಿಂದಿನದಕ್ಕಿಂತ ಏರಿತೋ, ಇಳಿಯಿತೋ, ಅಲ್ಲೇ ನಿಂತಿತೋ, ಅಷ್ಟು ಸಾಕು. ಸ ಸ ರಿ ಗ ರಿ ಎಂದು ಶುರುವಾಗುವ ಮಟ್ಟು ಆತನ ಲೆಕ್ಕದಲ್ಲಿ ನಿಂತಿತು, ಏರಿತು, ಏರಿತು, ಇಳಿಯಿತು. ಶ್ರುತಿ ಯಾವುದೇ ಇರಲಿ, ಅಜ್ಜಿ ಎಳೆದು ಹಾಡಲಿ, ಮೊಮ್ಮಗಳು ಓಡಿಸಲಿ, ಗುರುತು ಬದಲಾಗದು. ಸ್ವರಲಿಪಿ ಬಾರದವರೂ ಗುನುಗಿಕೊಂಡು ಬರೆದುಕೊಳ್ಳಬಹುದು! ಧ್ವನಿಮುದ್ರಣಗಳನ್ನು ಲಿಪಿಗಿಳಿಸಿ ಕಂಪ್ಯೂಟರಿಗೆ ಕೊಟ್ಟರೆ ಇಂಥ ಮೂರೇ ಗುರುತಿನ ಸರವನ್ನು ಅದು ಸಲೀಸಾಗಿ ಹುಡುಕುತ್ತದೆ. ಒಂದೆರಡು ಗುರುತು ಹೆಚ್ಚುಕಮ್ಮಿಯಾದರೂ ಹತ್ತಿರದ ಮಟ್ಟನ್ನು ಮುಂದೆ ತರುವಂತೆ ಮಾಡಬಹುದು.

ಆದರೂ ನಮ್ಮ ಹಾಡಿಗೆ ಅದೊಂದೇ ಸಾಲದು. ಆ ಹಿರಿಯಾಕೆ ಮೊದಲ ಪದವನ್ನೇ ಜಾರಿಸಿ ಎಳೆದಳು. ಅದು ಒಂದು ಸ್ವರವೋ ಮೂರೋ, ಲಿಪಿಗಿಳಿಸುವವರ ಕಿವಿಗೆ ಬಿಟ್ಟದ್ದು. ಅಲ್ಲಿ ಎಡವಿದರೆ ಮುಂದಿನ ಸರವೆಲ್ಲ ಪಲ್ಲಟ. ನನ್ನ ಒಲವು ಹಂಗೇರಿಯ ಬಾರ್ಟೊಕ್ ಮತ್ತು ಕೊಡಾಯ್ ಹಿಡಿದ ದಾರಿಯ ಕಡೆಗೆ. ಫಿನ್ಲೆಂಡಿನ ಇಲ್ಮಾರಿ ಕ್ರೋನ್ ತೋರಿಸಿದ ಕ್ರಮವನ್ನು ತಿದ್ದಿಕೊಂಡು, ಪ್ರತಿ ಸಾಲು ಯಾವ ಸ್ವರದಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಅವರು ಸಾವಿರಾರು ಹಾಡು ವಿಂಗಡಿಸಿದರು. ನಾನು ಕೇಳಿದ ಸೋಬಾನೆಯಲ್ಲೂ ಸಾಲಿನ ಕೊನೆಗೆ ಎಲ್ಲರೂ ಕೂಡಿ ಸೊಲ್ಲು ಎತ್ತಿಕೊಂಡಾಗ ಸ್ವರ ಗಟ್ಟಿಯಾಗಿ ನಿಂತಿತು. ಮಾತು ಬದಲಾದಾಗಲೂ ಆ ನಿಲುಗಡೆ ಕದಲಲಿಲ್ಲ.

ಹಾಗಾಗಿ ಸಾಲಿನ ಕೊನೆಯ ಸ್ವರ ಮೊದಲ ಸೂಚಿಯಾಗಲಿ, ಏರಿಳಿತ ಎರಡನೆಯದು. ಭಾಷೆ ಪಕ್ಕದ ಟಿಪ್ಪಣಿಯಲ್ಲಿದ್ದರೆ ಸಾಕು. ಪಾವಗಡ, ಗಡಿಯಾಚೆ ಆಂಧ್ರದ ಮಡಕಶಿರಾ, ಹಿಂದೂಪುರ ಮೂರೂ ಕಡೆಯ ಹಾಡುಗಳನ್ನು ಒಂದೇ ಕೋಶಕ್ಕೆ ತರದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.