ಬಣ್ಣವೇ ಬೇರೆ, ಖಾರವೇ ಬೇರೆ!

ಬ್ಯಾಡಗಿ ಮಾರುಕಟ್ಟೆಗೆ ಮೊದಲ ಸಲ ಬಂದ ಪರಸ್ಥಳದವರು ಮೆಣಸಿನಕಾಯಿಯ ಕಡುಗೆಂಪು ರಾಶಿಗಳನ್ನು ಕಂಡು, ‘ಅಬ್ಬಾ, ಎಷ್ಟು ಖಾರವಿರಬಹುದು!’ ಎಂದು ಬೆರಗಾಗುತ್ತಾರೆ. ರುಚಿ ನೋಡಿದರೆ ಖಾರ ಅಷ್ಟಕ್ಕಷ್ಟೇ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯ ಹೆಸರಿರುವುದು ಬಣ್ಣಕ್ಕೆ. ಕೆಂಪು ಬಣ್ಣಕ್ಕೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಎರಡೂ ಬೇರೆ ಬೇರೆ ವಸ್ತುಗಳು.

ತರಗತಿಯಲ್ಲಿ ಈ ಪಾಠ ಮುಗಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತೇನೆ: ‘ಮನುಷ್ಯರೂ ಹೀಗೆಯೇ ಅಲ್ಲವೇ? ಹೊರಗೆ ಕಾಣುವ ಬಣ್ಣದಿಂದ ಒಳಗಿನ ಖಾರವನ್ನು ಅಳೆಯಬಹುದೇ?’

ಇದೇ ಪ್ರಶ್ನೆಯ ಬೆನ್ನುಹತ್ತಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ (1875–1961). ದೇಶ, ಭಾಷೆ ಬೇರೆಯಾದರೂ ಕಥೆ, ಪುರಾಣ, ಕನಸುಗಳಲ್ಲಿ ಅವೇ ಪಾತ್ರಗಳು ಮತ್ತೆ ಮತ್ತೆ ಬರುವುದನ್ನು ಅವರು ಗಮನಿಸಿದರು: ವೀರ, ತಾಯಿ, ಜ್ಞಾನವೃದ್ಧ, ಕೀಟಲೆಗಾರ. ಇವುಗಳ ಅಚ್ಚು ಎಲ್ಲ ಮನುಷ್ಯರ ಮನಸ್ಸಿನ ಆಳದಲ್ಲಿಯೂ ಇದೆ ಎಂದು ತರ್ಕಿಸಿ, ಅದಕ್ಕೆ ‘ಆದಿರೂಪ’ ಎಂಬರ್ಥದ ಹೆಸರಿಟ್ಟರು. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬದ ನಿಮಿತ್ತ 1937ರ ಕೊನೆಯಲ್ಲಿ ಅವರು ನಮ್ಮ ದೇಶಕ್ಕೂ ಬಂದಿದ್ದರು.

ವೇಷ ಮತ್ತು ವೇಷಧಾರಿ

ಯೂಂಗ್ ಹೇಳಿದ ಒಂದು ಆದಿರೂಪ ‘ಪರ್ಸೋನಾ’. ಲ್ಯಾಟಿನ್ ಭಾಷೆಯಲ್ಲಿ ಇದು ನಟರು ಧರಿಸುವ ಮುಖವಾಡದ ಹೆಸರು. ನಮಗೆ ಇದೇನೂ ಹೊಸದಲ್ಲ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರೈತ ರಾತ್ರಿಯಿಡೀ ಅರ್ಜುನನಾಗಿ ಮೆರೆಯುತ್ತಾನೆ. ಬೆಳಗಾದರೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ವೇಷ ಹಾಕುವುದು ತಪ್ಪಲ್ಲ, ಕಳಚಲು ಮರೆಯುವುದು ತಪ್ಪು. ನಾನೂ ಮರೆತವನೇ. ಒಂದು ಸಂಜೆ ಊಟದ ಹೊತ್ತಿನಲ್ಲಿ ಮಗಳು ಹೇಳಿದಳು: ‘ಅಪ್ಪಾಜಿ, ಇದು ಸಾಲಿ ಅಲ್ರಿ, ಮನಿ!’

‘ಮೊದಲ ರ‍್ಯಾಂಕಿನ ಹುಡುಗ’ ಎಂಬುದೂ ಒಂದು ವೇಷವೇ. ಆ ವೇಷವೇ ತಾನೆಂದು ನಂಬಿದವನಿಗೆ ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ, ಬದುಕೇ ಮುಗಿಯಿತು ಎನ್ನಿಸುತ್ತದೆ. ಫಲಿತಾಂಶದ ದಿನಗಳಲ್ಲಿ ಪಾಲಕರು ಮರೆಯಬಾರದ ಮಾತಿದು.

ಮೆಚ್ಚಿದ ವೀರ ಯಾರು?

ಹಾವೇರಿ ರೈಲು ನಿಲ್ದಾಣಕ್ಕೆ ಮೈಲಾರ ಮಹದೇವಪ್ಪನವರ ಹೆಸರಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1930ರಲ್ಲಿ ಗಾಂಧೀಜಿಯ ದಂಡಿಯಾತ್ರೆಯಲ್ಲಿ ನಡೆದಾಗ ಅವರಿಗೆ ವಯಸ್ಸು 18. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಈ ಕಥೆ ಕೇಳಿ ಒಬ್ಬ ಹುಡುಗ ಅವರ ಧೈರ್ಯವನ್ನು ಮೆಚ್ಚುತ್ತಾನೆ, ಇನ್ನೊಬ್ಬಳು ತ್ಯಾಗವನ್ನು, ಮತ್ತೊಬ್ಬ ಮನೆ ಬಿಟ್ಟು ಅಷ್ಟು ದೂರ ಹೋದ ಸಾಹಸವನ್ನು. ನಾವು ಯಾವ ಗುಣವನ್ನು ಮೆಚ್ಚುತ್ತೇವೆಯೋ ಅದರ ಬೀಜ ನಮ್ಮೊಳಗೂ ಇರಬಹುದು ಎಂಬ ಸುಳಿವು ಇಲ್ಲಿದೆ. ಆದರೆ ಮಗುವಿನ ವೀರನನ್ನು ತಂದೆ-ತಾಯಿ ಆರಿಸಿ ಕೊಡಲಾಗದು.

ಬೆನ್ನ ಹಿಂದಿನ ನೆರಳು

ಮೂರನೆಯದು ‘ನೆರಳು’. ನಮಗೆ ಬೇಡವೆನಿಸಿದ, ಬೈಸಿಕೊಂಡು ಅದುಮಿಟ್ಟ ಗುಣಗಳೆಲ್ಲ ಇಲ್ಲಿರುತ್ತವೆ. ದೀಪದ ಕಡೆ ಮುಖ ಮಾಡಿ ನಿಂತವನಿಗೆ ತನ್ನ ನೆರಳು ಕಾಣುವುದಿಲ್ಲ. ಹಾಗಾಗಿ ನಾವು ಅದನ್ನು ಇನ್ನೊಬ್ಬರ ಮೇಲೆ ಹೊರಿಸುತ್ತೇವೆ ಎನ್ನುತ್ತಾರೆ ಯೂಂಗ್.

ಇದನ್ನು ನಾನು ತಡವಾಗಿ ಕಲಿತೆ. ನೌಕರಿಯ ಮೊದಲ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಶಿಕ್ಷಕರ ದನಿಯನ್ನು ಹುಬೇಹೂಬು ಅನುಕರಿಸುತ್ತಿದ್ದ. ಒಂದು ದಿನ ನನ್ನ ದನಿಯನ್ನೇ ತೆಗೆದ. ಎಲ್ಲರೆದುರು ಅವನನ್ನು ಹೊಡೆದೆ, ಹೀಯಾಳಿಸಿದೆ. ಅವನು ಮತ್ತೆ ಶಾಲೆಗೆ ಬರಲಿಲ್ಲ. ಎಷ್ಟೋ ವರ್ಷಗಳ ನಂತರ ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಸಿಕ್ಕ. ಚಹಾ ಕೊಡಿಸಿ, ‘ಸರ್, ನಿಮ್ಮ ದನಿ ಇನ್ನೂ ಬರ್ತೈತ್ರಿ ನಂಗ’ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅಂದು ರಾತ್ರಿ ನೆನಪಾಯಿತು: ಚಿಕ್ಕವನಿದ್ದಾಗ ನಾನೂ ಊರವರ ದನಿಗಳನ್ನು ತೆಗೆದು ನಗಿಸುತ್ತಿದ್ದೆ. ಅಪ್ಪ ಬಾರಕೋಲು ಹಿಡಿದು ಬಿಡಿಸಿದ್ದರು. ನಾನು ಆ ದಿನ ಹೊಡೆದದ್ದು ಯಾರನ್ನು?

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆಸಿದ್ದ ಕನಕದಾಸರ ‘ರಾಮಧಾನ್ಯ ಚರಿತ್ರೆ’ ಇಲ್ಲಿ ನೆನಪಾಗುತ್ತದೆ. ಅಕ್ಕಿ, ರಾಗಿಗಳಲ್ಲಿ ಯಾವುದು ಶ್ರೇಷ್ಠ ಎಂಬ ಜಗಳ ಬಂದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರತೆಗೆದಾಗ ಅಕ್ಕಿ ಸೊರಗಿತ್ತು. ಕೀಳೆನಿಸಿಕೊಂಡಿದ್ದ ರಾಗಿ ಗಟ್ಟಿಯಾಗಿಯೇ ಇತ್ತು. ನಮ್ಮೊಳಗೂ ನಾವು ಕೀಳೆಂದು ಕತ್ತಲಲ್ಲಿಟ್ಟ ಒಂದು ಧಾನ್ಯವಿರಬಹುದು. ಆ ಹುಡುಗನ ಅನುಕರಣೆಗೆ ಒಂದು ರಂಗಮಂಚ ಸಿಕ್ಕಿದ್ದರೆ?

ವಿಜ್ಞಾನದ ಎಚ್ಚರ

ವಿಜ್ಞಾನ ಶಿಕ್ಷಕನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಆದಿರೂಪಗಳು ಹುಟ್ಟಿನಿಂದಲೇ ಎಲ್ಲರಲ್ಲೂ ಇರುತ್ತವೆ ಎಂಬುದು ಪ್ರಯೋಗದಿಂದ ಸಿದ್ಧವಾದ ಸತ್ಯವಲ್ಲ. 1948ರಲ್ಲಿ ಅಮೆರಿಕದ ಬರ್ಟ್ರಾಮ್ ಫೋರರ್ ಎಂಬ ಮನೋವಿಜ್ಞಾನಿ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ‘ಇದು ನಿಮ್ಮದೇ ಸ್ವಭಾವ’ ಎಂದು ಎಲ್ಲರಿಗೂ ಒಂದೇ ಬರಹವನ್ನು ಕೊಟ್ಟರು. ಅದು ಎಷ್ಟು ಸರಿಯಾಗಿದೆ ಎಂದು ಕೇಳಿದಾಗ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26! ಆದ್ದರಿಂದ ‘ನಾನು ಈ ಮಾದರಿಯವನು’ ಎಂದು ಹಣೆಪಟ್ಟಿ ಅಂಟಿಸಿಕೊಳ್ಳಬೇಡಿ. ಅದನ್ನು ನೋಡಿ ಕೋರ್ಸ್ ಆರಿಸುವುದಂತೂ ಬೇಡವೇ ಬೇಡ. ಆದಿರೂಪ ತಕ್ಕಡಿಯಲ್ಲ, ಕನ್ನಡಿ.

ಹೀಗೆ ಮಾಡಿ ನೋಡಿ

ಒಂದು ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ನಾನು ಯಾರೆದುರು ಯಾವ ವೇಷದಲ್ಲಿರುತ್ತೇನೆ? ನಾನು ಮೆಚ್ಚುವ ಮೂವರು ಯಾರು, ಅವರ ಯಾವ ಗುಣಕ್ಕಾಗಿ? ಯಾರನ್ನು ಕಂಡರೆ ನನಗೆ ಕಾರಣಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ? ಒಂದು ವಾರ ದಿನಕ್ಕೆ ನಾಲ್ಕು ಸಾಲು ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ.

ಪಾಲಕರಿಗೆ ಒಂದೇ ಪ್ರಶ್ನೆ: ಮಗುವಿನಲ್ಲಿ ನೀವು ಯಾವ ಗುಣಕ್ಕೆ ಬೈಯುತ್ತೀರೋ, ಅದೇ ಗುಣಕ್ಕೆ ನಿಮ್ಮ ತಂದೆ-ತಾಯಿ ನಿಮ್ಮನ್ನು ಬೈದಿದ್ದರೇ?

ಮಗು ದಿನಗಟ್ಟಲೆ ಮಂಕಾಗಿದ್ದರೆ, ಊಟ ನಿದ್ರೆ ಬಿಟ್ಟಿದ್ದರೆ ನೋಟ್‌ಬುಕ್ಕಿನ ಪ್ರಶ್ನೆಗಳು ಸಾಲವು. ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. ವೈದ್ಯರನ್ನು ಕಾಣಲು ಸಂಕೋಚ ಬೇಡ.

ಮೆಣಸಿನಕಾಯಿಯ ಬಣ್ಣ, ಖಾರ ಎರಡನ್ನೂ ಪ್ರಯೋಗಾಲಯದಲ್ಲಿ ಅಳೆಯಬಹುದು. ಮನುಷ್ಯನ ಒಳಗನ್ನು ತಿಳಿಯಲು ಹಾಗೆ ಒಂದು ಯಂತ್ರವಿಲ್ಲ. ಬಿಡುವು ಮಾಡಿಕೊಂಡು ಅವನ ಮಾತು ಕೇಳಬೇಕು. ಆ ಹುಡುಗನ ಮಾತನ್ನು ನಾನು ಒಂದು ದಿನವಾದರೂ ಕೇಳಬಹುದಿತ್ತು.