ಹೊಟ್ಟೆಯ ಕಾಯಿಲೆಗಳಿಗೆ ಅಣಬೆಯ ಮದ್ದು

ಅಣಬೆಯ ಜೀವಕೋಶಕ್ಕೆ ಗಟ್ಟಿಯಾದ ಗೋಡೆಯಿದೆ. ಆ ಗೋಡೆಯ ದೊಡ್ಡ ಪಾಲು ಬೀಟಾ ಗ್ಲೂಕಾನ್ ಎಂಬ ಗ್ಲೂಕೋಸ್ ಸಕ್ಕರೆಯ ಸರಪಳಿ. ಅಕ್ಕಿಯ ಪಿಷ್ಟದಲ್ಲಿರುವುದೂ ಇದೇ ಗ್ಲೂಕೋಸ್. ಒಂದು ಕೊಂಡಿ ಮತ್ತೊಂದಕ್ಕೆ ಬೆಸೆದುಕೊಳ್ಳುವ ಬಗೆ ಮಾತ್ರ ಬೇರೆ. ಪಿಷ್ಟದ ಬೆಸುಗೆಯನ್ನು ಕತ್ತರಿಸುವ ಕಿಣ್ವ ಮನುಷ್ಯನಲ್ಲಿದೆ, ಬೀಟಾ ಬೆಸುಗೆಯನ್ನು ಕತ್ತರಿಸುವ ಕಿಣ್ವವಿಲ್ಲ. ಹೀಗಾಗಿ ಅದು ಜಠರವನ್ನೂ ಸಣ್ಣ ಕರುಳನ್ನೂ ಬಹುಮಟ್ಟಿಗೆ ಇದ್ದಂತೆಯೇ ದಾಟಿ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿದಾಗ ಬ್ಯುಟಿರೇಟ್‌ನಂಥ ಆಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ.

ಬೀಟಾ ಗ್ಲೂಕಾನ್‌ಗೆ ಇನ್ನೊಂದು ಗುಣವೂ ಇದೆ. ದೇಹಕ್ಕೆ ಸೋಂಕು ತರುವ ಶಿಲೀಂಧ್ರಗಳ ಗೋಡೆಯಲ್ಲೂ ಇದೇ ವಸ್ತುವಿರುವುದರಿಂದ ರೋಗನಿರೋಧಕ ಕೋಶಗಳು ಅದನ್ನು ಗುರುತಿಸುತ್ತವೆ. ಆ ಕೋಶಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಬೀಟಾ ಗ್ಲೂಕಾನನ್ನು ಹಿಡಿಯುತ್ತದೆ ಎಂದು 2001ರಲ್ಲಿ ತಿಳಿಯಿತು. ತಿನ್ನುವ ಅಣಬೆಯಿಂದ ಕಾಯಿಲೆ ಬರದಿದ್ದರೂ ದೇಹದ ಕಾವಲು ಎಚ್ಚರಗೊಳ್ಳುತ್ತದೆ. ಅಣಬೆಯನ್ನು ಔಷಧವಾಗಿ ನೋಡುವ ಸಂಶೋಧನೆಯ ಬಹುಭಾಗ ನಿಂತಿರುವುದು ಈ ಎಚ್ಚರದ ಮೇಲೆಯೇ.

ಅತ್ಯಂತ ಗಟ್ಟಿಯಾದ ಪುರಾವೆ ಸಿಕ್ಕಿದ್ದು ಜಪಾನಿನಲ್ಲಿ, ಅದೂ ಜಠರದ ಕ್ಯಾನ್ಸರಿಗೆ. ಸತ್ತ ಮರದ ಮೇಲೆ ಬಣ್ಣಬಣ್ಣದ ಪಟ್ಟೆಗಳ ಬೀಸಣಿಗೆಯಂತೆ ಬೆಳೆಯುವ ಟರ್ಕಿ ಟೇಲ್ ಎಂಬ ಅಣಬೆಯ ಎಳೆಗಳಿಂದ ಪಿಎಸ್‌ಕೆ ಎಂಬ ಸಾರವನ್ನು ತೆಗೆಯಲಾಯಿತು. 1977ರಲ್ಲಿ ಅಲ್ಲಿನ ಸರ್ಕಾರ ಅದನ್ನು ಔಷಧವೆಂದು ಒಪ್ಪಿತು. ಶಸ್ತ್ರಚಿಕಿತ್ಸೆಯಾದ 262 ರೋಗಿಗಳ ಮೇಲಿನ ಪರೀಕ್ಷೆಯ ಫಲಿತಾಂಶ 1994ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕೀಮೋ ಮಾತ್ರ ಪಡೆದವರಲ್ಲಿ 60% ಮಂದಿ 5 ವರ್ಷ ಬದುಕಿದ್ದರು. ಜೊತೆಗೆ ಪಿಎಸ್‌ಕೆ ತೆಗೆದುಕೊಂಡವರಲ್ಲಿ 73%. ಅಣಬೆ ಇಲ್ಲಿ ಕೀಮೋವಿನ ಬದಲಿಗೆ ಬಂದದ್ದಲ್ಲ, ಅದರ ಜೊತೆಗೆ ಬಂದದ್ದು. ಈ ಮಾತನ್ನು ಮಾರಾಟದ ಜಾಹೀರಾತುಗಳು ಬಿಟ್ಟುಬಿಡುವುದು ನಿಜಕ್ಕೂ ಅಪಾಯಕಾರಿ.

ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಸಾರದ್ದು ಬೇರೆ ಕಥೆ. ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಗೊರೊ ಚಿಹಾರಾ ಮತ್ತು ಸಂಗಡಿಗರು 1969ರಲ್ಲಿ ಅದರ ಗುಣವನ್ನು ವರದಿ ಮಾಡಿದರು. 1985ರಲ್ಲಿ ಜಠರದ ಕ್ಯಾನ್ಸರಿಗೆ ಚುಚ್ಚುಮದ್ದಾಗಿ ಅನುಮತಿ ಸಿಕ್ಕಿತು. ಆದರೆ ಮುಂದೆ ಜಪಾನಿನಲ್ಲೇ ನಡೆದ ದೊಡ್ಡ ಪರೀಕ್ಷೆಯಲ್ಲಿ, ಹೊಸ ಕೀಮೋ ಔಷಧದೊಂದಿಗೆ ಲೆಂಟಿನಾನ್ ಕೊಟ್ಟ ರೋಗಿಗಳ ಆಯುಸ್ಸು ಹೆಚ್ಚಲಿಲ್ಲ. ಒಂದು ಅಣಬೆಯ ಯಶಸ್ಸನ್ನು ಇನ್ನೊಂದರ ಲೆಕ್ಕಕ್ಕೆ ಬರೆಯಲಾಗದು.

ಕ್ಯಾನ್ಸರಿನಾಚೆ ಪುರಾವೆ ತೆಳ್ಳಗಾಗುತ್ತದೆ. ಬಿಳಿ ಜಟೆಯಂತೆ ಇಳಿಬೀಳುವ ಲಯನ್ಸ್ ಮೇನ್ ಅಣಬೆಯ ಮಾತ್ರೆಗಳನ್ನು ಚೀನಾದಲ್ಲಿ ಜಠರದ ಉರಿಯೂತಕ್ಕೂ ಹುಣ್ಣಿಗೂ ಕೊಡುತ್ತಾರೆ. ಜಠರದ ಹುಣ್ಣಿಗೆ ಮುಖ್ಯ ಕಾರಣವಾದ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಇದರ ಸಾರ ಪ್ರಯೋಗಾಲಯದಲ್ಲಿ ತಡೆದಿದೆ; ಇಲಿಗಳ ಹುಣ್ಣನ್ನೂ ತಗ್ಗಿಸಿದೆ. ಪ್ರಯೋಗಾಲಯದ ತಟ್ಟೆಯಲ್ಲಿ ಸೋತ ಬ್ಯಾಕ್ಟೀರಿಯಾ ಜಠರದ ಲೋಳೆಯೊಳಗೆ ಅಡಗಿದಾಗಲೂ ಸೋಲುತ್ತದೆಂದು ಹೇಳಲು ಅಷ್ಟು ಸಾಲದು. ಅದನ್ನು ನಿರ್ಮೂಲ ಮಾಡುವ ಚಿಕಿತ್ಸೆ ಇಂದಿಗೂ ಆ್ಯಂಟಿಬಯೋಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳ ಜೋಡಿಯೇ.

ನಾರ್ವೆಯ ಓಸ್ಲೋದಲ್ಲಿ ವೈದ್ಯರು ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಎಂಬ ಕರುಳಿನ ಉರಿಯೂತಗಳಿಗೆ ಮೂರು ಅಣಬೆಗಳ ಮಿಶ್ರಸಾರವೊಂದನ್ನು ಪರೀಕ್ಷಿಸಿದರು. ಅದರಲ್ಲಿ ಹೆಚ್ಚಿನ ಪಾಲು ಬ್ರೆಜಿಲ್ ಮೂಲದ ಅಗಾರಿಕಸ್ ಬ್ಲೇಜಿಯದು. ಮೂರು ವಾರ ಕುಡಿದವರಲ್ಲಿ ರೋಗಲಕ್ಷಣಗಳೂ ದಣಿವೂ ಕಡಿಮೆಯಾದವು. ಆಸೆ ಹುಟ್ಟಿಸುವ ಫಲಿತಾಂಶವಿದು, ಆದರೆ ವರ್ಷಗಟ್ಟಲೆ ಏರಿಳಿಯುವ ಕಾಯಿಲೆಗೆ ಮೂರು ವಾರ ತೀರ ಚಿಕ್ಕ ಅವಧಿ.

ಅಣಬೆಯ ಪುಡಿಗಳ ಗುಣಮಟ್ಟವೂ ಒಂದೇ ತೆರನಲ್ಲ. ಕೆಲವು ಕಂಪನಿಗಳು ಧಾನ್ಯದ ಮೇಲೆ ಬೆಳೆಸಿದ ಎಳೆಗಳನ್ನು ಧಾನ್ಯದ ಸಮೇತ ಪುಡಿ ಮಾಡುತ್ತವೆ. ಆಗ ಡಬ್ಬಿಯಲ್ಲಿ ಬೀಟಾ ಗ್ಲೂಕಾನ್‌ಗಿಂತ ಪಿಷ್ಟವೇ ಹೆಚ್ಚಿರಬಹುದು. ಸರಿಯಾಗಿ ಬೇಯದ ಶಿಟಾಕೆ ಕೆಲವರ ಮೈಮೇಲೆ ಚಾಟಿಯೇಟಿನಂಥ ಕೆಂಪು ಬರೆಗಳನ್ನು ಎಬ್ಬಿಸುತ್ತದೆ. ಕರುಳಿನ ಉರಿಯೂತವಿರುವ ಹಲವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುತ್ತಿರುತ್ತಾರೆ. ಅದೇ ಶಕ್ತಿಯನ್ನು ಕೆರಳಿಸುವ ಅಣಬೆಯ ಸಾರವನ್ನು ಅವರು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು.