ನೂರು ಬತ್ ಎಣ್ಣೆ ಎಂದರೆ ಎಷ್ಟು ಲೀಟರು?

ಕ್ರಿಸ್ಮಸ್ಸಿಗೆ ಮುಂಚೆ ನನ್ನ ರೂಮಿನ ಗೆಳೆಯ ಒಂದು ಪ್ರಶ್ನೆ ಹೊತ್ತು ತಂದ. ಅವರ ಚರ್ಚಿನ ಕನ್ನಡ ಹುಡುಗರು ಲೂಕನ ಸುವಾರ್ತೆಯ 16ನೆಯ ಅಧ್ಯಾಯದ ಕಥೆಯನ್ನು ನಾಟಕ ಆಡುತ್ತಾರಂತೆ. ಕೆಲಸ ಕಳೆದುಕೊಳ್ಳಲಿರುವ ಪಾರುಪತ್ಯಗಾರನೊಬ್ಬ ಧಣಿಯ ಸಾಲಗಾರರನ್ನು ಕರೆಸಿ ಪತ್ರ ತಿದ್ದಿಸುವ ಕಥೆ ಅದು. ನೂರು ಬತ್ ಎಣ್ಣೆ ಸಲ್ಲಿಸಬೇಕಾದವನ ಕೈಲಿ ಐವತ್ತು ಎಂದು ಬರೆಸುತ್ತಾನೆ. “ನೀನು ಕಾಮರ್ಸಿನವನಲ್ಲವೇನೋ, ನೂರು ಬತ್ ಅಂದ್ರೆ ಎಷ್ಟು ಲೀಟರು ಹೇಳು” ಅಂದ.

(ಬತ್ ಎಂಬುದು ಹೀಬ್ರೂ ಜನರ ದ್ರವದ ಅಳತೆ. ನಮ್ಮ ಭತ್ತಕ್ಕೂ ಅದಕ್ಕೂ ನೆಂಟಸ್ತನವಿಲ್ಲ.)

ಲೈಬ್ರರಿಯಲ್ಲಿ ಸಿಕ್ಕ ಪುಸ್ತಕದಲ್ಲಿ ಒಂದು ಬತ್‌ಗೆ 22 ಲೀಟರು ಎಂದಿತ್ತು. 2,200 ಲೀಟರು ಎಂದು ಜಂಬದಿಂದ ಹೇಳಿಬಿಟ್ಟೆ. ಮರುದಿನ ಅವನೇ ಇನ್ನೊಂದು ಪುಸ್ತಕ ತಂದು ಮುಂದೆ ಹಿಡಿದ. ಅದರಲ್ಲಿ 39 ಲೀಟರು! ಅಂದರೆ 3,900. ಇಷ್ಟು ವ್ಯತ್ಯಾಸ ಬರುವ ಲೆಕ್ಕವನ್ನು ಯಾವ ಆಡಿಟರೂ ಪಾಸು ಮಾಡಲಾರ. ಆವತ್ತಿನಿಂದ ಇದರ ಬೆನ್ನು ಹತ್ತಿದೆ.

ಒಳಗಿನ ಕೋಷ್ಟಕದಲ್ಲಿ ತಕರಾರೇ ಇಲ್ಲ. 4 ಲೋಗ್ ಸೇರಿದರೆ ಒಂದು ಕಬ್, 3 ಕಬ್ ಒಂದು ಹಿನ್, 6 ಹಿನ್ ಒಂದು ಬತ್, 10 ಬತ್ ಒಂದು ಕೋರ್. ಹಾಗಾಗಿ ಒಂದು ಬತ್‌ಗೆ 72 ಲೋಗ್. ನಾಲ್ಕು ಪಾವಿಗೆ ಒಂದು ಸೇರು ಅಂತ ನಾವು ಬಾಯಿಪಾಠ ಮಾಡಿದ ಹಾಗೆಯೇ. ಆದರೆ ಪಾವು ಎಷ್ಟು ದೊಡ್ಡದು ಅಂತ ಆ ಮಗ್ಗಿ ಹೇಳುವುದಿಲ್ಲ. ಕಚ್ಚಾ ಸೇರೋ ಪಕ್ಕಾ ಸೇರೋ ಅಂತ ಅಂಗಡಿಯಲ್ಲಿ ಕೇಳಬೇಕಾಗಿದ್ದದ್ದು ಅದಕ್ಕೇ. ಹೀಬ್ರೂ ಅಳತೆಯನ್ನು ಲೀಟರಿಗೆ ತರಬೇಕಾದರೂ ಎಲ್ಲಾದರೂ ಒಂದು ಕಡೆ ಹೊರಗಿನ ಅಂಕಿಯೊಂದನ್ನು ತಂದು ಜೋಡಿಸಲೇಬೇಕು. ಜಗಳವೆಲ್ಲ ಆ ಒಂದು ಅಂಕಿಯ ಮೇಲೆ.

22 ಲೀಟರಿನ ಲೆಕ್ಕ ಮಣ್ಣಿನಿಂದ ಎದ್ದು ಬಂದದ್ದು. ಲಾಕೀಶ್, ತೆಲ್ ಬೇತ್ ಮಿರ್ಸಿಮ್ ಎಂಬ ಕಡೆಗಳಲ್ಲಿ ಅಗೆದಾಗ ‘ಬತ್’ ಎಂದು ಕೊರೆದಿದ್ದ ಹೂಜಿಗಳ ಚೂರುಗಳು ಸಿಕ್ಕವು. ಚೂರುಗಳಿಂದ ಇಡೀ ಹೂಜಿಯ ಆಕಾರವನ್ನು ಊಹಿಸಿ ವಿಲಿಯಂ ಆಲ್‌ಬ್ರೈಟ್ ಸುಮಾರು 22 ಲೀಟರು ಅಂದರು. ‘ಸುಮಾರು’ ಎಂಬ ಮಾತು ಅವರದೇ ಲೆಕ್ಕದಲ್ಲಿತ್ತು, ನಕಲು ಮಾಡಿದವರು ಅದನ್ನು ಬಿಟ್ಟರು. 39 ಬಂದದ್ದು ಬರಹದಿಂದ. ಕ್ರಿ.ಶ. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್, ಒಂದು ಬತ್ ಎಂದರೆ ರೋಮನ್ನರ 72 ಸೆಕ್ಸ್ಟೇರಿಯಸ್ ಎಂದು ಬರೆದ. ಒಂದು ಸೆಕ್ಸ್ಟೇರಿಯಸ್ ಸುಮಾರು 0.54 ಲೀಟರು. ಗುಣಿಸಿದರೆ 38.88. ಆದರೆ ಲೋಗೂ 72, ಸೆಕ್ಸ್ಟೇರಿಯಸ್ಸೂ 72 ಎಂಬುದು ನನಗೆ ಸ್ವಲ್ಪ ಅನುಮಾನ ತರಿಸಿತು. ಎರಡೂ ಹೆಚ್ಚುಕಡಿಮೆ ಒಂದೇ ಅಂತ ಅಂದಾಜಿನಲ್ಲಿ ಕೂಡಿಸಿಬಿಟ್ಟನೋ ಏನೋ ಮಹಾರಾಯ.

ಈಗ ನಮ್ಮ ಪಾರುಪತ್ಯಗಾರನ ಬಳಿಗೆ ಬನ್ನಿ. 39ರ ಲೆಕ್ಕದಲ್ಲಿ ಅವನು ಕಡಿಮೆ ಮಾಡಿದ ಸಾಲ, 50 ಬತ್, 1,950 ಲೀಟರು. 22ರ ಲೆಕ್ಕದಲ್ಲಿ ಪೂರ್ತಿ ಸಾಲ 2,200 ಲೀಟರು. ಅವನು ಧಣಿಗೆ ಮೋಸ ಮಾಡಿ ಇಳಿಸಿದ್ದನ್ನು ನಾನು ಒಂದು ಪುಸ್ತಕ ಬದಲಾಯಿಸಿ, ಯಾರಿಗೂ ಗೊತ್ತಾಗದ ಹಾಗೆ, ಹೆಚ್ಚುಕಡಿಮೆ ಇಳಿಸಿಬಿಟ್ಟಿದ್ದೆ!

ಇದು ಬರೀ ಪರೀಕ್ಷೆಯ ಲೆಕ್ಕವೂ ಅಲ್ಲ. ಪಸ್ಕಹಬ್ಬದ ರಾತ್ರಿ ಯೆಹೂದಿಗಳು ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯಬೇಕು. ಬಟ್ಟಲಿನಲ್ಲಿ ಕಾಲು ಲೋಗ್ ಹಿಡಿಯಬೇಕು. ಅವರ ಪಂಡಿತರು ಕಾಲು ಲೋಗಿಗೆ ಎರಡು ದಾರಿ ಹೇಳಿದ್ದಾರೆ: ಒಂದೂವರೆ ಕೋಳಿಮೊಟ್ಟೆಯಷ್ಟು, ಇಲ್ಲವೇ 2 ಬೆರಳು ಉದ್ದ, 2 ಬೆರಳು ಅಗಲ, 2.7 ಬೆರಳು ಆಳದ ಪಾತ್ರೆ. ಎರಡೂ ಒಂದೇ ಆಗಬೇಕಿತ್ತು. 18ನೆಯ ಶತಮಾನದಲ್ಲಿ ಪ್ರಾಗ್ ನಗರದ ಗುರು ಯೆಹೆಜ್ಕೇಲ್ ಲಾಂಡೌ ಅಳೆದು ನೋಡಿದರೆ ಬೆರಳಿನ ಲೆಕ್ಕ ಮೊಟ್ಟೆಯದರ ಹತ್ತಿರ ಹತ್ತಿರ ಎರಡರಷ್ಟು ಬಂತು. ಮನುಷ್ಯರ ಬೆರಳು ಬೆಳೆದಿರಲಾರದು, ಕೋಳಿಮೊಟ್ಟೆಯೇ ಸಣ್ಣದಾಗಿದೆ ಎಂದು ಅವರು ತೀರ್ಮಾನಿಸಿದರು. ಓದಿದಾಗ ನಕ್ಕೆ, ಆದರೆ ಎರಡು ಅಂಕಿ ಹೊಂದದಿದ್ದಾಗ ಯಾವುದನ್ನು ನಂಬಬೇಕು ಎಂಬ ನನ್ನ ಕಷ್ಟವೂ ಅದೇ ತಾನೆ?

20ನೆಯ ಶತಮಾನದಲ್ಲಿ ಜೆರೂಸಲೇಮಿನ ಗುರು ನಾಏ ಬೆರಳಿಗೆ 2 ಸೆಂಟಿಮೀಟರು ಹಿಡಿದರು. ‘ಹಜೋನ್ ಈಶ್’ ಎಂದೇ ಹೆಸರಾದ ಗುರು ಕರೆಲಿಟ್ಜ್ ಹಿಡಿದದ್ದು 2.4. ಬೆರಳಿನಲ್ಲಿ ವ್ಯತ್ಯಾಸ ಶೇಕಡಾ 20 ಮಾತ್ರ. ಆದರೆ ಉದ್ದ, ಅಗಲ, ಆಳ ಮೂರರಲ್ಲೂ ಅದು ಹೆಚ್ಚುವುದರಿಂದ ಘನಗಾತ್ರ ಶೇಕಡಾ 73ರಷ್ಟು ಹೆಚ್ಚುತ್ತದೆ, ಚಕ್ರಬಡ್ಡಿಯ ಹಾಗೆ. ಕಾಲು ಲೋಗ್ ಒಬ್ಬರಿಗೆ 86 ಮಿಲಿಲೀಟರು, ಇನ್ನೊಬ್ಬರಿಗೆ 149. ಅದನ್ನೇ ಬತ್‌ಗೆ ಏರಿಸಿದರೆ ಸುಮಾರು 25 ಲೀಟರು, 43 ಲೀಟರು. ಇಂದಿಗೂ ಕೆಲವು ಮನೆಗಳಲ್ಲಿ ಸಣ್ಣ ಬಟ್ಟಲು, ಕೆಲವು ಮನೆಗಳಲ್ಲಿ ದೊಡ್ಡದು. ಎರಡೂ ಕಡೆ ಶ್ರದ್ಧೆಯೇ.

ಯಾವ ಕಾಲದ ಬತ್ ಎಂದು ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಹೂಜಿಯ ಚೂರುಗಳು ಅರಸರ ಕಾಲದವು, ಲೂಕನಿಗಿಂತ ಏಳೆಂಟು ನೂರು ವರ್ಷ ಹಳೆಯವು. ಜೋಸೆಫಸ್ ಲೂಕನ ಕಾಲದವನೇ. ಆದ್ದರಿಂದ ಈ ಕಥೆಗೆ 39 ಹೊಂದುತ್ತದೆ, ಅನುಮಾನ ಇದ್ದರೂ. ಗೆಳೆಯನಿಗೆ, “ಸುಮಾರು ನಾಲ್ಕು ಸಾವಿರ ಲೀಟರು, ಜೋಸೆಫಸ್ಸನ ಲೆಕ್ಕದಲ್ಲಿ ಅಂತ ಸೇರಿಸಿ ಹೇಳಿಸು” ಅಂದೆ.

“ಅಷ್ಟುದ್ದ ಡೈಲಾಗು ಯಾರೋ ಹೇಳ್ತಾರೆ!” ಅಂದ. ಕೊನೆಗೆ ಮೆಸ್ಸಿನಿಂದ ನಾಲ್ಕು ಖಾಲಿ ಎಣ್ಣೆ ಡಬ್ಬ ತಂದು, ಮೇಲೆ ಸುಣ್ಣದಲ್ಲಿ ‘ಬತ್’ ಎಂದು ಬರೆದು ರಂಗದ ಮೇಲೆ ಇಟ್ಟರು.